ಕಸದ ಗುಡ್ಡಕ್ಕೆ ಎಷ್ಟು ಎತ್ತರದ ಗೋಡೆ?

(ಮುಂಬಯಿಯ ಒಂದು ಕನ್ನಡ ಸಂಘದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಲ್ಲಿ ಠಾಣೆ ಕಡೆಗೆ ಹೋಗುವಾಗ ಮುಲುಂಡ್ ಹತ್ತಿರ ಬಲಗಡೆ ಒಂದು ಗುಡ್ಡ. ದೇವರು ಮಾಡಿದ್ದಲ್ಲ, ನಾವು ಮಾಡಿದ್ದು. 1967ರಿಂದ 2018ರವರೆಗೆ ಊರಿನ ಕಸ ತಂದು ಸುರಿದ ಜಾಗ ಅದು. 24 ಹೆಕ್ಟೇರ್, ಸುಮಾರು 70 ಲಕ್ಷ ಟನ್ ಕಸ. ಮುಚ್ಚಿದ ಮೇಲೆ ಅದನ್ನು ಅಗೆದು, ಜರಡಿ ಹಿಡಿದು ಖಾಲಿ ಮಾಡುವ ಕೆಲಸ ಶುರುವಾಯಿತು. ಇಲ್ಲಿ ಕೂತಿರುವವರಲ್ಲಿ ಅರ್ಧಕ್ಕರ್ಧ ಜನ ಆ ದಾರಿಯಲ್ಲಿ ಓಡಾಡಿದವರೇ. ಆದರೆ ಆ ಗುಡ್ಡ ಹೇಗಿತ್ತು ಅಂತ ಕೇಳಿದರೆ ಹೇಳುವವರು ಕಡಿಮೆ. ಕಾರಿನ ಗಾಜು ಏರಿಸಿದ್ದು ಎಲ್ಲರಿಗೂ ನೆನಪಿದೆ. ಗುಡ್ಡ ನೆನಪಿಲ್ಲ.

ನನ್ನ ಕಸುಬು ಗಿಡದ್ದು. ನರ್ಸರಿ ಇಟ್ಟುಕೊಂಡವನು, ಕಂಪೌಂಡು, ರಸ್ತೆ ಬದಿ, ಫ್ಯಾಕ್ಟರಿ ಸುತ್ತ ಗಿಡ ನೆಡುವ ಕಂತ್ರಾಟು ಹಿಡಿಯುವವನು. ನಮ್ಮಂಥವರಿಗೆ ಬರುವ ಫೋನಿನಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ. "ಆ ಕಡೆ ಏನಿದೆಯೋ ಅದು ಕಾಣಬಾರದು. ಏನಾದರೂ ನೆಡಿ." ಆ ಕಡೆ ಇರುವುದು ಕಸ ಬೇರೆ ಮಾಡುವ ಶೆಡ್ ಇರಬಹುದು, ಭಂಗಾರ್ ಅಂಗಡಿ, ಅಂದರೆ ಗುಜರಿ ಅಂಗಡಿ ಇರಬಹುದು, ಡಂಪಿಂಗ್ ಗ್ರೌಂಡೇ ಇರಬಹುದು. ಏನು ಅಂತ ಅವರು ಹೇಳುವುದಿಲ್ಲ. ಕಾಣಬಾರದು ಅನ್ನುವುದಷ್ಟೇ ಮುಖ್ಯ.

ಕಾಣದ ಹಾಗೆ ಮಾಡುವುದು ತಪ್ಪು ಅಂತ ನಾನು ಹೇಳಲು ಬಂದಿಲ್ಲ. ದಿನಾ ಬೆಳಿಗ್ಗೆ ಕಿಟಕಿ ತೆಗೆದರೆ ಕಸದ ರಾಶಿ ನೋಡಬೇಕು ಅಂತ ಯಾರಿಗೂ ಶಾಪ ಬೇಡ. ಯಾರಿಗೆ ಕಾಣಬಾರದು, ಯಾರಿಗೆ ಕಾಣಲೇಬೇಕು, ಈ ಎರಡನ್ನೂ ಮೊದಲು ಕೂತು ಯೋಚಿಸಬೇಕು. ನಮ್ಮಲ್ಲಿ ಮೊದಲನೆಯದಕ್ಕೆ ದುಡ್ಡು ಸಿಗುತ್ತದೆ. ಎರಡನೆಯದನ್ನು ಯಾರೂ ಕೇಳುವುದೇ ಇಲ್ಲ.

ಮೊದಲು ಗೋಡೆಯ ಲೆಕ್ಕ ನೋಡೋಣ. ಶಾಲೆಯಲ್ಲಿ ಕಲಿತ ತ್ರಿಕೋನ ಇದಕ್ಕೆ ಸಾಕು. ನೀವು ಫುಟ್‌ಪಾತ್ ಮೇಲೆ ನಿಂತಿದ್ದೀರಿ. ನಿಮ್ಮ ಕಣ್ಣು ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿದೆ. ನಿಮ್ಮಿಂದ ಹತ್ತು ಮೀಟರ್ ದೂರದಲ್ಲಿ ಐದು ಮೀಟರ್ ಎತ್ತರದ ಗೋಡೆ. ಕಣ್ಣಿನಿಂದ ಗೋಡೆಯ ತುದಿ ಮುಟ್ಟಿ ಮುಂದಕ್ಕೆ ಒಂದು ಗೆರೆ ಎಳೆಯಿರಿ. ಪ್ರತಿ ಹತ್ತು ಮೀಟರಿಗೆ ಅದು ಮೂರೂವರೆ ಮೀಟರ್ ಏರುತ್ತದೆ. ನೂರು ಮೀಟರ್ ಆಚೆ ಅದು 36 ಮೀಟರಿನ ಮೇಲೆ ಹೋಗಿರುತ್ತದೆ. ಅಂದರೆ ಅಲ್ಲಿ 35 ಮೀಟರಿನ ಕಸದ ಗುಡ್ಡ ಇದ್ದರೂ ನಿಮಗೆ ಗೊತ್ತಾಗುವುದಿಲ್ಲ.

ಈಗ ಅದೇ ಗೋಡೆಯನ್ನು ತೆಗೆದು ಗುಡ್ಡದ ಬುಡಕ್ಕೆ ಇಡಿ. ನಿಮ್ಮಿಂದ ತೊಂಬತ್ತು ಮೀಟರ್ ದೂರದಲ್ಲಿ. ಅದೇ ಇಟ್ಟಿಗೆ, ಅದೇ ಸಿಮೆಂಟು, ಅದೇ ಖರ್ಚು. ಆದರೆ ಈಗ ಮರೆಯಾಗುವುದು ಗುಡ್ಡದ ಕೆಳಗಿನ ಐದು ಮೀಟರ್ ಚಿಲ್ಲರೆ ಮಾತ್ರ. ಉಳಿದ ಮೂವತ್ತು ಮೀಟರ್ ಹಾಗೇ ಎದ್ದು ಕಾಣುತ್ತದೆ. ಪರದೆ ನೋಡುವವನ ಹತ್ತಿರ ಇದ್ದಷ್ಟೂ ಗಿಡ್ಡದಾದರೂ ನಡೆಯುತ್ತದೆ. ನಮ್ಮ ಕಡೆ ಏನು ಮಾಡುತ್ತಾರೆ? ಜಾಗದ ಗಡಿ ಎಲ್ಲಿದೆಯೋ ಅಲ್ಲೇ ಕಂಪೌಂಡು ಎಬ್ಬಿಸುತ್ತಾರೆ. ಕಳ್ಳರಿಗೆ, ದನಕ್ಕೆ, ನಾಯಿಗೆ ಅದು ಸರಿ. ಕಣ್ಣಿಗೆ ಅದರಿಂದ ಏನೂ ಉಪಯೋಗ ಇಲ್ಲ.

ಇದು ಫುಟ್‌ಪಾತಿನವನ ಲೆಕ್ಕ. ಬೆಸ್ಟ್, ಅಂದರೆ ನಮ್ಮ ಮುಂಬಯಿಯ ಸಿಟಿ ಬಸ್ಸಿನ ಡಬಲ್ ಡೆಕ್ಕರಿನ ಮೇಲಿನ ಸೀಟಿನಲ್ಲಿ ಕೂರಿ. ಕಣ್ಣು ಸುಮಾರು ನಾಲ್ಕು ಮೀಟರಿಗೆ ಏರಿತು. ಹತ್ತಿರದ ಗೋಡೆಯೇ ಇದ್ದರೂ ಗುಡ್ಡದ ಮೇಲಿನ ಇಪ್ಪತ್ತು ಮೀಟರ್ ಕಾಣುತ್ತದೆ. ಏಳನೇ ಮಹಡಿಗೆ ಹೋಗಿ. ಅಲ್ಲಿ ಗೋಡೆಯ ಮಾತೇ ಇಲ್ಲ, ಪೂರ್ತಿ ಗುಡ್ಡ ನಿಮ್ಮ ಡ್ರಾಯಿಂಗ್ ರೂಮಿನೊಳಗೆ ಬಂದು ಕೂತಿರುತ್ತದೆ. ಮುಂಬಯಿಯಲ್ಲಿ ನಾವು ಬದುಕುವುದು ಮಹಡಿಗಳ ಮೇಲೆ, ಅಲ್ವಾ? ಹಾಗಿದ್ದರೂ ಇಲ್ಲಿಯ ಪರದೆಗಳೆಲ್ಲ ರಸ್ತೆಯಲ್ಲಿ ಹೋಗುವವನ ಕಣ್ಣಿಗೇ ಅಳತೆ ಮಾಡಿ ಹೊಲಿದವು. ಅದರಲ್ಲೂ ಕಾರಿನಲ್ಲಿ ಹೋಗುವವನ ಕಣ್ಣಿಗೆ.

ಈ ಕಾರಿನವನ ಕಣ್ಣು ಅನ್ನುವುದು ಹೊಸದೇನಲ್ಲ. ಅಮೆರಿಕದಲ್ಲಿ 1965ರಲ್ಲಿ ಹೆದ್ದಾರಿ ಚೆಂದ ಮಾಡುವ ಒಂದು ಕಾಯ್ದೆ ಬಂತು. ಆಗಿನ ಅಧ್ಯಕ್ಷ ಜಾನ್ಸನ್ ಅವರ ಪತ್ನಿ ಅದರ ಹಿಂದೆ ಬಿದ್ದು ಮಾಡಿಸಿದ್ದು. ದೊಡ್ಡ ಹೆದ್ದಾರಿಯಿಂದ ಸಾವಿರ ಅಡಿಯೊಳಗೆ ಗುಜರಿ ಅಂಗಡಿ ಇದ್ದರೆ ಗಿಡ, ಬೇಲಿ ಏನಾದರೂ ಹಾಕಿ ಮರೆ ಮಾಡಬೇಕು, ಇಲ್ಲಾಂದರೆ ತೆಗೆಯಬೇಕು. ರಸ್ತೆಯಿಂದ ಕಾಣುತ್ತದೋ ಇಲ್ಲವೋ, ಅಷ್ಟೇ ಪರೀಕ್ಷೆ. ಗುಜರಿಯ ಹಿಂಬದಿಯಲ್ಲಿ ಮನೆ ಇದ್ದವನ ಕಣ್ಣು ಆ ಲೆಕ್ಕಕ್ಕೆ ಬರಲಿಲ್ಲ.

ನಮ್ಮಲ್ಲಿ ಕಾಯ್ದೆ ಬೇಕಾಗಿಲ್ಲ, ದೊಡ್ಡವರು ಬರುತ್ತಾರೆ ಅಂದರೆ ಸಾಕು. 2020ರಲ್ಲಿ ಟ್ರಂಪ್ ಬರುತ್ತಾರೆ ಅಂತ ಅಹಮದಾಬಾದಿನಲ್ಲಿ ಝೋಪಡಿಗಳ ಮುಂದೆ ಗೋಡೆ ಎದ್ದಿತು. 2022ರ ಡಿಸೆಂಬರಿನಲ್ಲಿ ಜಿ-20 ಸಭೆ ಅಂತ ನಮ್ಮ ಮುಂಬಯಿಯಲ್ಲೂ ರಸ್ತೆ ಬದಿಯ ಝೋಪಡಪಟ್ಟಿಗಳ ಮುಂದೆ ಪರದೆ ಬಂತು. ಕಸದ ರಾಶಿಗೂ ಜನರ ಮನೆಗೂ ಒಂದೇ ಹಸಿರು ಬಟ್ಟೆ. ಆ ಬಟ್ಟೆ ಬಗ್ಗೆ ನನಗೆ ಬೇರೆಯೇ ಒಂದು ತಕರಾರಿದೆ. ಅದರ ಹಸಿರು ಯಾವ ಎಲೆಯ ಹಸಿರೂ ಅಲ್ಲ. ಊರಿನಲ್ಲಿ ಎಲ್ಲಿ ಆ ಬಣ್ಣ ಕಂಡರೂ ಅದರ ಹಿಂದೆ ಏನೋ ಇದೆ ಅಂತ ಚಿಕ್ಕ ಮಗುವಿಗೂ ಗೊತ್ತಾಗುತ್ತದೆ. ಮರೆ ಮಾಡಲೇಬೇಕು ಅಂದರೆ ಮಣ್ಣಿನ ಬಣ್ಣ, ಒಣ ಹುಲ್ಲಿನ ಬಣ್ಣ ಹಾಕಿ. ಕಣ್ಣು ಅಲ್ಲಿ ನಿಲ್ಲದೆ ಮುಂದಕ್ಕೆ ಜಾರುತ್ತದೆ.

ಗೋಡೆಗಿಂತ ಹಳೆಯ ಪರದೆ ಒಂದಿದೆ. ದೂರ. 1896ರಲ್ಲಿ ಬೊಂಬಾಯಿಗೆ ಪ್ಲೇಗ್ ಬಂದಾಗ ಆಗಿನ ಮುನಿಸಿಪಾಲಿಟಿ ಕಂಡುಕೊಂಡ ದಾರಿ ಅದು. ಊರಿನ ಕಸವನ್ನು ರೈಲಿಗೆ ತುಂಬಿ ಚೆಂಬೂರಿನ ಆಚೆ ದೇವನಾರ್ ಅನ್ನುವ ಜೌಗು ಭೂಮಿಗೆ ಸಾಗಿಸಲು ಶುರು ಮಾಡಿದರು. ಹೌದು, ಕಸಕ್ಕೇ ಅಂತ ಒಂದು ರೈಲು. ಆ ಕಾಲಕ್ಕೆ ದೇವನಾರ್ ಅಂದರೆ ಊರಿನ ಹೊರಗೆ, ಖಾಡಿಯ (ಸಮುದ್ರದ ಹಿನ್ನೀರಿನ) ಅಂಚು. ಯಾರ ಕಣ್ಣಿಗೂ ಬೀಳದ ಜಾಗ. ಆಮೇಲೆ ಏನಾಯಿತು ಅಂತ ನಿಮಗೇ ಗೊತ್ತು. ಊರು ಬೆಳೆಯುತ್ತಾ ಗುಡ್ಡದ ಬುಡಕ್ಕೇ ಬಂತು. ಗೋವಂಡಿ, ಶಿವಾಜಿನಗರ, ಬೈಗನವಾಡಿ. ಬೇರೆ ಕಡೆಯಿಂದ ಎಬ್ಬಿಸಿದ ಬಡವರನ್ನೂ ತಂದು ಅಲ್ಲೇ ಕೂರಿಸಿದರು. ಪುಣೆಯದ್ದೂ ಇದೇ ಕತೆ. ಅಲ್ಲಿಯ ಕಸ ಸಾಸವಡ್ ರಸ್ತೆಯ ಉರುಳಿ ದೇವಾಚಿ, ಫುರಸುಂಗಿ ಅನ್ನುವ ಹಳ್ಳಿಗಳಿಗೆ ಹೋಗುತ್ತಿತ್ತು. ಹಳ್ಳಿಯವರು ಲಾರಿಗಳನ್ನು ಅಡ್ಡಗಟ್ಟಿದಾಗ ಮಾತ್ರ ಪುಣೆಯವರಿಗೆ ಕಸ ಅಂತ ಒಂದಿದೆ ಎಂದು ನೆನಪಾಗುತ್ತಿತ್ತು. 2017ರಲ್ಲಿ ಆ ಹಳ್ಳಿಗಳನ್ನೇ ಮಹಾನಗರಪಾಲಿಕೆಗೆ ಸೇರಿಸಿದರು. ದೂರ ಅನ್ನುವ ಪರದೆ ಹರಿಯಲು ಜಾಸ್ತಿ ವರ್ಷ ಬೇಕಾಗುವುದಿಲ್ಲ.

ಇಲ್ಲಿ ವಿಷಯ ಬಿಟ್ಟು ಸ್ವಲ್ಪ ಆಚೆ ಹೋಗುತ್ತೇನೆ. ಗಿರ್‌ಗಾಂವ್, ಭೂಲೇಶ್ವರ, ಫೋರ್ಟ್ ಕಡೆ ಹಳೆ ಕಟ್ಟಡಗಳಲ್ಲಿ ಇದ್ದವರಿಗೆ ಹೌಸ್ ಗಲ್ಲಿ ಗೊತ್ತಿರಬೇಕು. ಎರಡು ಕಟ್ಟಡಗಳ ಬೆನ್ನಿನ ನಡುವೆ ಒಬ್ಬ ಮನುಷ್ಯ ಓರೆಯಾಗಿ ಹೋಗುವಷ್ಟು ಸಂದಿ. ಸಂಡಾಸು ಎತ್ತುವವರು, ಗುಡಿಸುವವರು ಮುಂದಿನ ರಸ್ತೆಗೆ ಕಾಣದ ಹಾಗೆ ಬಂದು ಹೋಗಲಿ ಅಂತ ಬಿಟ್ಟ ಜಾಗ. ಕೊಳೆಯೂ ಕಾಣಬಾರದು, ಕೊಳೆ ಎತ್ತುವವನೂ ಕಾಣಬಾರದು. ಇವತ್ತು ಯಾವುದಾದರೂ ಹೌಸ್ ಗಲ್ಲಿಯೊಳಗೆ ಇಣುಕಿ ನೋಡಿ. ಮೇಲಿನ ಮಹಡಿಗಳಿಂದ ಬಿದ್ದ ಪ್ಲಾಸ್ಟಿಕ್ಕು, ಒಡೆದ ಪೈಪು, ಕೊಳೆತ ಅನ್ನ, ಬೆಕ್ಕಿನ ಗಾತ್ರದ ಹೆಗ್ಗಣ. ಮುಂದಿನ ರಸ್ತೆ ಗುಡಿಸುತ್ತಾರೆ, ಯಾಕೆಂದರೆ ಅದು ಕಾಣುತ್ತದೆ. ಹಿಂದಿನ ಗಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ, ಹಾಗಾಗಿ ಅದಕ್ಕೆ ಯಾರೂ ಗತಿ ಇಲ್ಲ. ಒಂದು ನಗರ ನೂರು ವರ್ಷ ನಡೆಸಿದ ಪ್ರಯೋಗ ಅಂತ ಬೇಕಾದರೆ ಅನ್ನಿ.

ಈಗ ಗುಡ್ಡಕ್ಕೆ ವಾಪಸ್ ಬರೋಣ. ಕಸ ಮರೆ ಮಾಡುವುದಕ್ಕೆ ನಿಯಮವೇ ಹೇಳಿದ ಒಂದು ದಾರಿ ಇದೆ. ಅದು ಗೋಡೆಯೂ ಅಲ್ಲ, ಬಟ್ಟೆಯೂ ಅಲ್ಲ. ಮಣ್ಣು. 2000ರ ಕಸದ ನಿಯಮಗಳಲ್ಲಿ ಬರೆದಿದ್ದರು, 2016ರ ನಿಯಮಗಳಲ್ಲೂ ಬರೆದರು. ಪ್ರತಿದಿನ ಕೆಲಸ ಮುಗಿಯುವ ಹೊತ್ತಿಗೆ ಆವತ್ತು ಸುರಿದ ಕಸದ ಮೇಲೆ ಕನಿಷ್ಠ 10 ಸೆಂಟಿಮೀಟರ್ ಮಣ್ಣೋ, ಕಟ್ಟಡದ ಡೆಬ್ರಿಸ್ಸೋ ಹರಡಬೇಕು. ಮಳೆಗಾಲಕ್ಕೆ ಮುಂಚೆ 40ರಿಂದ 65 ಸೆಂಟಿಮೀಟರ್. ನಾಲ್ಕು ಇಂಚು ಮಣ್ಣು ಅಂದರೆ ಒಂದು ಗೇಣೂ ಇಲ್ಲ. ಆದರೆ ಅದು ಮಾಡುವ ಕೆಲಸ ನೋಡಿ. ನೊಣ ಕೂರುವುದಿಲ್ಲ. ಪ್ಲಾಸ್ಟಿಕ್ ಚೀಲ ಹಾರಿ ಪಕ್ಕದ ಊರಿನ ಮರಕ್ಕೆ ಸಿಕ್ಕಿಕೊಳ್ಳುವುದಿಲ್ಲ. ಹದ್ದು, ಕಾಗೆ ಸುತ್ತುವುದು ನಿಲ್ಲುತ್ತದೆ. ಕಸದ ಗುಡ್ಡವನ್ನು ಎಷ್ಟೇ ಎತ್ತರದ ಗೋಡೆಯ ಹಿಂದೆ ಇಡಿ, ಮೇಲೆ ಹದ್ದು ಸುತ್ತುತ್ತಿದ್ದರೆ ಐದು ಕಿಲೋಮೀಟರ್ ಆಚೆಯಿಂದಲೇ ಗುಟ್ಟು ರಟ್ಟು. ವಿಮಾನ ನಿಲ್ದಾಣದಿಂದ 20 ಕಿಲೋಮೀಟರ್ ದೂರ ಇರಬೇಕು ಅಂತ ನಿಯಮ ಹೇಳುವುದು ಇದೇ ಹಕ್ಕಿಗಳ ಕಾಟಕ್ಕೆ.

ಮುಖ್ಯವಾಗಿ ಆ ಮಣ್ಣು ಬೆಂಕಿಯನ್ನು ತಡೆಯುತ್ತದೆ. ಕಸದೊಳಗೆ ಗಾಳಿ ಇಲ್ಲದೆ ಕೊಳೆತದ್ದು ಗ್ಯಾಸು ಬಿಡುತ್ತದೆ. ಆ ಗ್ಯಾಸಿನಲ್ಲಿ ಹೆಚ್ಚುಕಡಿಮೆ ಅರ್ಧ ಮೀಥೇನೇ. ಗಾಳಿಯಲ್ಲಿ ಅದು ನೂರಕ್ಕೆ ಐದರಿಂದ ಹದಿನೈದು ಪಾಲು ಸೇರಿದರೆ ಒಂದು ಕಿಡಿ ಸಾಕು. ಮಣ್ಣು ಹೊದಿಸದ ಗುಡ್ಡದೊಳಗೆ ಗಾಳಿ ಆಡುತ್ತಲೇ ಇರುತ್ತದೆ, ಒಳಗೆ ಎಲ್ಲೋ ಹೊಗೆಯಾಡುತ್ತಲೇ ಇರುತ್ತದೆ. ಬೂದಿ ಮುಚ್ಚಿದ ಕೆಂಡ ಅನ್ನುತ್ತೇವಲ್ಲ, ದೇವನಾರ್ ಅಕ್ಷರಶಃ ಅದೇ ಆಗಿತ್ತು. 2016ರ ಜನವರಿ ಕೊನೆಯಲ್ಲಿ ಹತ್ತಿಕೊಂಡ ಬೆಂಕಿ ದಿನಗಟ್ಟಲೆ ಉರಿಯಿತು. ಸುತ್ತಲಿನ ಶಾಲೆಗಳಿಗೆ ರಜೆ ಕೊಟ್ಟರು. ನಾಸಾದ ಉಪಗ್ರಹದ ಚಿತ್ರದಲ್ಲೂ ಆ ಹೊಗೆ ಕಂಡಿತು. ಅದುವರೆಗೆ ದೇವನಾರ್ ಎಲ್ಲಿದೆ ಅಂತ ಗೊತ್ತಿಲ್ಲದ ದಕ್ಷಿಣ ಮುಂಬಯಿಯವರು ಕೂಡ ಆ ವಾರ ಕೆಮ್ಮಿದರು.

ಗೋಡೆಯಿಂದ ಮರೆಯಾಗುವುದು ನೋಟ ಒಂದೇ. ಹೊಗೆ ಗೋಡೆ ಹಾರುತ್ತದೆ. ವಾಸನೆ ಗೋಡೆ ಹಾರುತ್ತದೆ. ಕಪ್ಪು ನೀರು, ಅಂದರೆ ಲೀಚೇಟ್, ಗೋಡೆಯ ಕೆಳಗಿನಿಂದ ಹರಿಯುತ್ತದೆ. ಆ ಹತ್ತು ಸೆಂಟಿಮೀಟರ್ ಮಣ್ಣಿನಿಂದ ಇವೆಲ್ಲ ಪೂರ್ತಿ ನಿಲ್ಲುತ್ತವೆ ಅಂತಲ್ಲ, ಆದರೆ ಎಲ್ಲವೂ ಎಷ್ಟೋ ಕಡಿಮೆಯಾಗುತ್ತವೆ. ಹಾಗಿದ್ದರೂ ಮಣ್ಣಿನ ಲಾರಿಗೆ ದುಡ್ಡಿಲ್ಲ, ಗೋಡೆಗೆ ಇದೆ. ಯಾಕೆ? ಗೋಡೆ ಒಂದು ಸಲ ಕಟ್ಟಿದರೆ ಮುಗಿಯಿತು, ಮುಂದೆ ಫಲಕ ಹಾಕಿ ರಿಬ್ಬನ್ ಕತ್ತರಿಸಬಹುದು. ಮಣ್ಣು ದಿನಾ ಸಂಜೆ ಹಾಕಬೇಕು. ದಿನಾ ಸಂಜೆ ರಿಬ್ಬನ್ ಕತ್ತರಿಸಲು ಯಾವ ಮಂತ್ರಿ ಬರುತ್ತಾರೆ?

ಈಗ ಗಿಡದ ವಿಷಯ. ಇದರಲ್ಲಿ ಸ್ವಲ್ಪ ಹೊತ್ತು ಹಿಡಿಯುತ್ತದೆ, ನನ್ನ ಅನ್ನ ಇದರಲ್ಲೇ ಇದೆ.

ಕಸದ ಜಾಗದ ಗಡಿಗೆ ಹಸಿರು ಪಟ್ಟಿ ಬೇಕು ಅಂತ ಎಲ್ಲರೂ ಹೇಳುತ್ತಾರೆ. ಟೆಂಡರಿನಲ್ಲಿ ಸಾಮಾನ್ಯವಾಗಿ ಏನು ಬರುತ್ತದೆ? ಕಂಬದ ಅಶೋಕ, ಒಂದೇ ಸಾಲು. ನೆಟ್ಟಗೆ ಬೆಳೆಯುತ್ತದೆ, ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ವಯಸ್ಸಾದ ಹಾಗೆ ಬುಡದ ಎಲೆ ಉದುರುತ್ತದೆ, ಮನುಷ್ಯನ ಕಣ್ಣಿನ ಎತ್ತರದಲ್ಲೇ ಕಿಂಡಿ ಬೀಳುತ್ತದೆ. ಇನ್ನು ಕೆಲವರಿಗೆ ಸುಬಾಬುಲ್ ಇಷ್ಟ, ಬೇಗ ಬರುತ್ತದೆ ಅಂತ. ಬರುತ್ತದೆ ನಿಜ, ಜುಲೈ ತಿಂಗಳ ಗಾಳಿಗೆ ಅಷ್ಟೇ ಬೇಗ ಮಲಗುತ್ತದೆ. ಬಿದಿರು ಎರಡು ಮೂರು ವರ್ಷದಲ್ಲಿ ಒಳ್ಳೆ ಪರದೆ ಕೊಡುತ್ತದೆ, ಆದರೆ ಬೆಂಕಿ ಏಳುವ ಜಾಗದ ಪಕ್ಕ ಒಣ ಬಿದಿರೆಲೆ ಹಾಸಿ ಕೂರಬಾರದು.

ನಾನಾದರೆ ಮೂರು ಸಾಲು ಹಾಕುತ್ತೇನೆ. ಒಂದರ ಸಂದಿಗೆ ಇನ್ನೊಂದು ಬರುವ ಹಾಗೆ. ರಸ್ತೆ ಕಡೆಗೆ ಕಣಗಿಲೆ. ಧೂಳು ತಡೆಯುತ್ತದೆ, ಉಪ್ಪುಗಾಳಿ ತಡೆಯುತ್ತದೆ, ವಿಷ ಇರುವುದರಿಂದ ಆಡು ಬಾಯಿ ಹಾಕುವುದಿಲ್ಲ. ಆಡಿನ ವಿಷಯ ನಗಬೇಡಿ. ಗೋವಂಡಿ ಕಡೆ ಗಿಡ ನೆಟ್ಟವನಿಗೆ ಬಕ್ರೀದಿನ ಹಿಂದಿನ ತಿಂಗಳು ಹೇಗಿರುತ್ತದೆ ಅಂತ ಕೇಳಿ. ನಡುವೆ ಹೊಂಗೆ. ನಮ್ಮೂರ ಹೊಳೆ ಬದಿಯಲ್ಲಿ ಉಪ್ಪು ನೀರಿಗೂ ಜಗ್ಗದೆ ನಿಲ್ಲುವ ಮರ, ಖಾಡಿ ಪಕ್ಕದ ನೆಲಕ್ಕೆ ಹೇಳಿ ಮಾಡಿಸಿದ ಹಾಗಿದೆ. ಹಿಂದಿನ ಸಾಲಿಗೆ ಬೇವು, ನೇರಳೆ, ಜಾಗ ಇದ್ದರೆ ಅತ್ತಿ. ಖಾಡಿಯ ಅಂಚಿನಲ್ಲಿ ಕಾಂಡ್ಲ (ಮ್ಯಾಂಗ್ರೋವ್) ತಾನಾಗೇ ಇದ್ದರೆ ಅದಕ್ಕೆ ಕೈ ಹಚ್ಚಬೇಡಿ, ಅದಕ್ಕಿಂತ ಒಳ್ಳೆ ಪರದೆ ನಾವು ಹುಟ್ಟಿಸಲು ಆಗುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಗಿಡ ಸಾಯುತ್ತದೆ. ಯಾಕೆ ಅಂತ ಒಂದು ಸೈಟಿನಲ್ಲಿ ಗೊತ್ತಾಯಿತು. ಊರಿನ ಹೆಸರು ಬೇಡ, ಆಫೀಸಿನದ್ದೂ ಬೇಡ. ಬೇಸಿಗೆ ಬರುವ ಮುಂಚೆಯೇ ಹೊಂಗೆಯ ಒಂದು ಸಾಲು ತುದಿಯಿಂದ ಒಣಗುತ್ತಾ ಬಂತು. ನೀರು ಸಾಲದು ಅಂತ ಮುಕಾದಮ್, ಅಂದರೆ ಕೆಲಸದವರ ಮೇಸ್ತ್ರಿ, ಹೇಳಿದ. ಒಂದು ಗಿಡವನ್ನು ಬುಡಸಮೇತ ತೆಗೆಸಿದೆ. ಮಣ್ಣು ಒದ್ದೆಯೇ ಇತ್ತು. ಬೇರು ಒಂದು ಗೇಣು ಕೆಳಗೆ ಇಳಿದು, ಅಲ್ಲಿಂದ ಅಡ್ಡಕ್ಕೆ ತಿರುಗಿತ್ತು. ಗೋಡೆಗೆ ಮುಟ್ಟಿ ವಾಪಸ್ ಬಂದ ಹಾಗೆ. ತುದಿಗಳು ಕಪ್ಪಗೆ, ಬೆರಳಲ್ಲಿ ಹಿಸುಕಿದರೆ ಸಿಪ್ಪೆ ಕಳಚಿ ಬರುತ್ತಿತ್ತು. ಕೆಳಗಿನ ಮಣ್ಣು ಬೂದಿ ಬಣ್ಣಕ್ಕೆ ತಿರುಗಿತ್ತು. ಮೂಗಿಗೆ ಹಿಡಿದರೆ ಕೊಳೆತ ಮೊಟ್ಟೆ.

ಗುಡ್ಡದೊಳಗಿನ ಗ್ಯಾಸು ಮೇಲಕ್ಕಷ್ಟೇ ಹೋಗುವುದಿಲ್ಲ, ಮಣ್ಣಿನ ಕೆಳಗೆ ಪಕ್ಕಕ್ಕೂ ನುಸುಳುತ್ತದೆ. ಬೇರಿನ ಸುತ್ತ ಇರಬೇಕಾದ ಗಾಳಿಯನ್ನು ಆಚೆ ತಳ್ಳುತ್ತದೆ. ಉಳಿದ ಅಷ್ಟಿಷ್ಟು ಆಮ್ಲಜನಕವನ್ನು ಮೀಥೇನ್ ತಿನ್ನುವ ಸೂಕ್ಷ್ಮಜೀವಿಗಳು ಮುಗಿಸುತ್ತವೆ. ಗಿಡ ಉಸಿರು ಕಟ್ಟಿ ಸಾಯುತ್ತದೆ. ನೀವು ಟ್ಯಾಂಕರ್ ಮೇಲೆ ಟ್ಯಾಂಕರ್ ನೀರು ಹಾಕಿ ಇನ್ನಷ್ಟು ಮುಳುಗಿಸುತ್ತೀರಿ. ಇದಕ್ಕೆ ಮದ್ದು ಗಿಡದಲ್ಲಿಲ್ಲ. ಗುಡ್ಡಕ್ಕೂ ಹಸಿರು ಪಟ್ಟಿಗೂ ನಡುವೆ ಉದ್ದಕ್ಕೆ ಕಂದಕ ತೋಡಿ ಜಲ್ಲಿ ತುಂಬಬೇಕು, ಗ್ಯಾಸು ಅಲ್ಲೇ ಮೇಲಕ್ಕೆ ಹೋಗಲಿ. ಆಮೇಲೆ ಏರು ಪಾತಿ ಮಾಡಿ ಗಿಡ ನೆಡಬೇಕು. ಅಲ್ಲಿ ಆ ಕಂದಕದ ಮಾತು ಹೇಳಿದೆ. ಅದು ಸಿವಿಲ್ ಕೆಲಸ, ನಿಮ್ಮದು ಗಾರ್ಡನ್ ಕೆಲಸ, ಬೇರೆ ಟೆಂಡರ್ ಅಂದರು. ಸತ್ತ ಗಿಡದ ಜಾಗಕ್ಕೆ ಹೊಸ ಗಿಡ ನೆಡಲು ಮಾತ್ರ ದುಡ್ಡು ಇತ್ತು. ನೆಟ್ಟದ್ದಕ್ಕೆ ಫೋಟೋ ತೋರಿಸಿದರೆ ಬಿಲ್ಲು ಪಾಸು. ಬದುಕಿದೆಯಾ ಅಂತ ಕೇಳುವ ಕಲಮೇ ಇರಲಿಲ್ಲ. ಬಿಲ್ಲು ನಾನೂ ತಗೊಂಡೆ ಅನ್ನಿ.

ಕೆಲವರು ಕೇಳುತ್ತಾರೆ, ಅಂಚಿನಲ್ಲಿ ಯಾಕೆ, ಗುಡ್ಡದ ಮೇಲೆಯೇ ಕಾಡು ಬೆಳೆಸಬಾರದಾ? ಹಾಗೆ ಮಾಡುವಂತಿಲ್ಲ. ಮುಚ್ಚಿದ ಗುಡ್ಡದ ಮೇಲೆ ಬೇರು 30 ಸೆಂಟಿಮೀಟರಿಗಿಂತ ಆಳ ಇಳಿಯದ ಗಿಡ ಮಾತ್ರ ಇರಬೇಕು ಅಂತ ನಿಯಮ. ಗುಡ್ಡ ಪೂರ್ತಿ ಕುಗ್ಗಿ ನಿಲ್ಲುವವರೆಗೆ ಅದೇ. ಯಾಕೆಂದರೆ ಮೇಲೆ 60 ಸೆಂಟಿಮೀಟರ್ ಜೇಡಿಮಣ್ಣಿನ ಪದರ ಹಾಕಿರುತ್ತಾರೆ, ಮಳೆ ನೀರು ಒಳಗೆ ಇಳಿಯಬಾರದು ಅಂತ. ಮರದ ಬೇರು ಅದನ್ನು ಸೀಳಿದರೆ ಎಲ್ಲ ಹೋಯಿತು. ಹಾಗಾಗಿ ಹುಲ್ಲು. ಬೊರಿವಲಿಯ ಗೊರಾಯಿಯಲ್ಲಿ ಹಾಗೆ ಮಾಡಿದರು. 2007ರಲ್ಲಿ ಕಸ ಸುರಿಯುವುದು ನಿಲ್ಲಿಸಿ, 2009ರ ಹೊತ್ತಿಗೆ ಗುಡ್ಡವನ್ನು ಇಳಿಜಾರು ಮಾಡಿ, ಮೇಲೆ ಪದರ ಹಾಕಿ, ಗ್ಯಾಸಿಗೆ ಪೈಪು ಇಳಿಸಿ, ಖಾಡಿ ಕಡೆಗೆ ಕಪ್ಪು ನೀರು ಹೋಗದ ಹಾಗೆ ನೆಲದೊಳಗೆ ತಡೆ ಹಾಕಿ ಹುಲ್ಲು ಬೆಳೆಸಿದರು. ಅದು ನನ್ನ ಪ್ರಕಾರ ಈ ಊರಿನಲ್ಲಿ ಆಗಿರುವ ಅತಿ ಒಳ್ಳೆ ಮರೆ. ಯಾಕೆಂದರೆ ಅಲ್ಲಿ ಹೊದಿಕೆ ಹಾಕಿದ್ದು ಕಸಕ್ಕೆ, ನೋಡುವವನ ಕಣ್ಣಿಗಲ್ಲ.

ಅದಕ್ಕೆ ಪೂರ್ತಿ ಉಲ್ಟಾ ಮಲಾಡಿನ ಚಿಂಚೋಲಿ ಬಂದರ್. ಅಲ್ಲಿಯ ಹಳೆ ಡಂಪಿಂಗ್ ಗ್ರೌಂಡ್ ಮೇಲೆ ಗಾಜಿನ ಆಫೀಸುಗಳು ಎದ್ದವು. ನೋಡುವವರಿಗೆ ಕಸದ ಸುಳಿವೂ ಇಲ್ಲ. ಆದರೆ ಒಳಗೆ ಕಂಪ್ಯೂಟರ್, ಏಸಿ ಕಾರಣವಿಲ್ಲದೆ ಕೆಡುತ್ತಿವೆ ಅಂತ ದೂರು ಶುರುವಾಯಿತು. ನೆಲದಿಂದ ಏಳುವ ಗಂಧಕದ ಗ್ಯಾಸು ತಾಮ್ರದ ತಂತಿಯನ್ನು ತಿನ್ನುತ್ತದೆ. ನಿಮ್ಮ ಮಕ್ಕಳಲ್ಲಿ ಯಾರಾದರೂ ಆ ಕಡೆ ಕೆಲಸ ಮಾಡಿದ್ದರೆ ಕೇಳಿ ನೋಡಿ.

ವಾಸನೆಯ ಬಗ್ಗೆ ಒಂದು ಮಾತು. ಗಿಡ ನೆಟ್ಟರೆ ವಾಸನೆ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ನನ್ನಂಥ ನರ್ಸರಿಯವನೇ ಹೇಳಿದರೂ ನಂಬಬೇಡಿ. ದಟ್ಟ ಗಿಡ ಗಾಳಿಯ ವೇಗ ಮುರಿಯುತ್ತದೆ, ಧೂಳು ಹಿಡಿಯುತ್ತದೆ, ವಾಸನೆಯನ್ನು ಸ್ವಲ್ಪ ಮೇಲಕ್ಕೆ ಎತ್ತಿ ಬೆರೆಸುತ್ತದೆ, ಅಷ್ಟೇ. ಕೊಳೆತ ಮೊಟ್ಟೆಯ ಆ ಗ್ಯಾಸು ನೂರು ಕೋಟಿಯಲ್ಲಿ ಕೆಲವೇ ಪಾಲು ಇದ್ದರೂ ಮೂಗು ಹಿಡಿದುಬಿಡುತ್ತದೆ. ಕಾಂಜೂರ್‌ಮಾರ್ಗಿನ ಡಂಪಿಂಗ್ ಗ್ರೌಂಡಿನ ಸುತ್ತ, ವಿಕ್ರೋಲಿ, ಭಾಂಡುಪ್ ಕಡೆ ಇರುವವರಿಗೆ ಗೊತ್ತು. ಚಳಿಗಾಲದ ರಾತ್ರಿ, ಬೆಳಗಿನ ಜಾವ ಜಾಸ್ತಿ. ತಣ್ಣನೆ ಗಾಳಿ ನೆಲಕ್ಕೆ ಅಂಟಿಕೊಂಡು ಕೂರುತ್ತದೆ, ವಾಸನೆಗೆ ಮೇಲೆ ಹೋಗಲು ದಾರಿ ಇರುವುದಿಲ್ಲ. ಅದರ ಮೇಲೆ ಸುಗಂಧ ಸಿಂಪಡಿಸಿದರೆ ಆಗುವುದು ಏನು? ಮೊದಲು ಕಸದ ವಾಸನೆ ಇತ್ತು, ಈಗ ನಿಂಬೆಹಣ್ಣು ಹಾಕಿದ ಕಸದ ವಾಸನೆ.

ಇನ್ನು ಗೋಡೆಯ ಕಿಂಡಿ. ಯಾವ ಡಂಪಿಂಗ್ ಗ್ರೌಂಡಿಗೆ ಹೋದರೂ ಗೋಡೆ ಎಲ್ಲೋ ಒಂದು ಕಡೆ ಒಡೆದಿರುತ್ತದೆ. ಒಬ್ಬರು ಬಗ್ಗಿ ನುಗ್ಗುವಷ್ಟು. ಅಂಚು ಸವೆದು ನುಣುಪಾಗಿರುತ್ತದೆ, ಅಷ್ಟು ಜನ ಓಡಾಡಿರುತ್ತಾರೆ. ಕಸ ಹೆಕ್ಕುವವರು ಅವರು. ಪ್ಲಾಸ್ಟಿಕ್, ತಾಮ್ರ, ಗಾಜು ಬೇರೆ ಮಾಡಿ ಭಂಗಾರ್‌ವಾಲಾನಿಗೆ ಮಾರಿ ಬದುಕುವವರು. ಬೆಂಕಿ ಹಚ್ಚುವವರು ಇವರೇ ಅಂತ 2016ರ ನಂತರ ಇವರನ್ನು ಹೊರಗೆ ಹಾಕುವ ಕೆಲಸ ಜೋರಾಯಿತು. ಗೋಡೆ, ಕ್ಯಾಮೆರಾ, ಕಾವಲು. ಒಳಗೆ ಬೆಂಕಿಯ ಅಪಾಯ ಇದೆ, ಸರಿ, ಮಕ್ಕಳು ಅಲ್ಲಿ ಹೋಗಬಾರದು, ಸರಿ. ಆದರೆ ಒಳಗೆ ಏನು ನಡೆಯುತ್ತಿದೆ ಅಂತ ದಿನಾ ನೋಡುತ್ತಿದ್ದ ಹೊರಗಿನ ಕಣ್ಣು ಅಂದರೆ ಅವರದೊಂದೇ. ಆಸ್ಪತ್ರೆಯ ಸಿರಿಂಜು ಯಾವ ಲಾರಿಯಲ್ಲಿ ಬಂತು, ಮಣ್ಣು ಹಾಕಿದರೋ ಇಲ್ಲವೋ, ಎಲ್ಲ ಅವರಿಗೆ ಗೊತ್ತಿತ್ತು. ಪುಣೆಯಲ್ಲಿ ಬೇರೆ ದಾರಿ ಹಿಡಿದರು. ಅಲ್ಲಿ ಕಸ ಹೆಕ್ಕುವ ಹೆಂಗಸರು 1993ರಲ್ಲಿ ಸಂಘಟನೆ ಕಟ್ಟಿಕೊಂಡರು, ಮುಂದೆ ಅವರದೇ ಸಹಕಾರಿ ಸಂಸ್ಥೆ 'ಸ್ವಚ್ಛ್' ಮನೆಮನೆ ಕಸ ಎತ್ತುವ ಕೆಲಸ ಹಿಡಿಯಿತು. ಗುಡ್ಡಕ್ಕೆ ಹೋಗುವ ಮೊದಲೇ, ನಿಮ್ಮ ಬಾಗಿಲಲ್ಲೇ, ನಿಮ್ಮ ಎದುರಿಗೇ ಕಸ ಬೇರೆಯಾಗುತ್ತದೆ.

ಮರೆ ಮಾಡುವ ಬದಲು ಎದ್ದು ಕಾಣಿಸುವವರೂ ಇದ್ದಾರೆ. ವಿಯೆನ್ನಾದಲ್ಲಿ ಊರ ನಡುವೆ ಕಸ ಸುಡುವ ಕಾರ್ಖಾನೆ ಇದೆ, ಸ್ಪಿಟ್ಟೆಲಾವ್ ಅಂತ. 1987ರಲ್ಲಿ ಅದಕ್ಕೇ ಬೆಂಕಿ ಬಿತ್ತು. ಮತ್ತೆ ಕಟ್ಟುವಾಗ ಹುಂಡರ್ಟ್‌ವಾಸರ್ ಎಂಬ ಕಲಾವಿದನಿಗೆ ಒಪ್ಪಿಸಿದರು. ಬಣ್ಣದ ಗೋಡೆ, ಚಿನ್ನದ ಬಣ್ಣದ ಉಂಡೆ ಕೂತ ಚಿಮಣಿ. ಪ್ರವಾಸಿಗರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನಮ್ಮಲ್ಲಿ ಇದು ನಡೆಯುತ್ತದಾ ಅಂದರೆ ನನಗೆ ಅನುಮಾನ. ಬಣ್ಣ ಹಚ್ಚುವ ಟೆಂಡರ್ ಮೊದಲು ಆಗುತ್ತದೆ, ಹೊಗೆ ಸೋಸುವ ಯಂತ್ರ ಆಮೇಲೆ ನೋಡೋಣ ಅನ್ನುತ್ತಾರೆ.

ಹತ್ತಿರದ ಉದಾಹರಣೆ ಬೇಕಾದರೆ ಗೋವಾ. ಅಲ್ಲಿ ನಮ್ಮ ಉತ್ತರ ಕರ್ನಾಟಕದವರು ಎಷ್ಟೋ ಜನ ಇದೇ ಕಸದ ಕೆಲಸದಲ್ಲಿದ್ದಾರೆ. ಮಡಗಾಂವ್‌ನ ಸೋನ್‌ಸೊಡೋ ಗುಡ್ಡ ರಸ್ತೆ ಪಕ್ಕ ಬಟಾಬಯಲು, 2019ರಲ್ಲಿ ಅದಕ್ಕೂ ದೊಡ್ಡ ಬೆಂಕಿ ಬಿತ್ತು. ಉತ್ತರದಲ್ಲಿ ಸಾಲಿಗಾಂವ್‌ನಲ್ಲಿ 2016ರಲ್ಲಿ ಇನ್ನೊಂದು ಬಗೆಯ ಘಟಕ ಬಂತು. ಕಸ ಬೇರೆ ಮಾಡುವುದು ಮುಚ್ಚಿದ ಶೆಡ್ಡಿನೊಳಗೆ, ಹಸಿ ಕಸದಿಂದ ಗ್ಯಾಸು, ಗ್ಯಾಸಿನಿಂದ ಕರೆಂಟು. ಸುತ್ತ ಮರ. ಒಳಗೆ ರಾಶಿಯೇ ಬೆಳೆಯದಿದ್ದರೆ ಮರೆ ಮಾಡುವ ಖರ್ಚೂ ಕಡಿಮೆ.

ದೇವನಾರ್‌ನಲ್ಲಿ ಈಗ 185 ಲಕ್ಷ ಟನ್ ಹಳೆ ಕಸ ತೆಗೆಯುವ ಕೆಲಸಕ್ಕೆ ಪಾಲಿಕೆ ಕೈ ಹಾಕಿದೆ. ಆ ನೆಲದ ಒಂದು ಭಾಗವನ್ನು ಧಾರಾವಿಯ ಝೋಪಡಪಟ್ಟಿಯನ್ನು ಹೊಸದಾಗಿ ಕಟ್ಟುವ ಯೋಜನೆಯ ಮನೆಗಳಿಗೆ ಅಂತ ಗುರುತು ಮಾಡಿದ್ದಾರೆ. ಕೆಲಸ ವರ್ಷಗಟ್ಟಲೆ ನಡೆಯುತ್ತದೆ, ಧೂಳು ಏಳುತ್ತದೆ, ಪತ್ರಾ, ಅಂದರೆ ತಗಡಿನ ಗೋಡೆ ಏಳುತ್ತದೆ. ಏಳಲಿ. ನಾನು ಕೇಳುವುದು ಇಷ್ಟು. ಆ ಪತ್ರಾಕ್ಕೆ ಅಲ್ಲಲ್ಲಿ ಕಿಟಕಿ ಇಡಿ. ವಿದೇಶದಲ್ಲಿ ಕಟ್ಟಡದ ಕೆಲಸ ನಡೆಯುವ ಕಡೆ ದಾರಿಹೋಕರು ನೋಡಲಿ ಅಂತ ಬೇಲಿಗೆ ಕಿಂಡಿ ಇಡುವ ರೂಢಿ ಇದೆ. ಗೇಟಿನ ಹೊರಗೆ ಬೋರ್ಡು ಹಾಕಿ, ಇವತ್ತು ಎಷ್ಟು ಟನ್ ಹೋಯಿತು, ಎಲ್ಲಿಗೆ ಹೋಯಿತು ಅಂತ. ತೂಕದ ಕಾಟಾ ಹೇಗೂ ಗೇಟಿನಲ್ಲೇ ಇರುತ್ತದೆ. ತಿಂಗಳಿಗೊಂದು ದಿನ ಸುತ್ತಲಿನ ಬಸ್ತಿಯವರನ್ನು ಒಳಗೆ ಕರೆದು ತೋರಿಸಿ. ಕಾರಿನಲ್ಲಿ ಹೋಗುವವನಿಗೆ ಕಾಣದಿದ್ದರೂ ಪರವಾಗಿಲ್ಲ, ಪಕ್ಕದಲ್ಲಿ ಉಸಿರಾಡುವವರಿಗೆ ಕಾಣಬೇಕು.

ಮಾತು ಮುಗಿದ ಮೇಲೆ ಒಬ್ಬರು ಅಕ್ಕ ಒಂದು ಪ್ರಶ್ನೆ ಕೇಳಿದರು, ಅದನ್ನೂ ಇಲ್ಲೇ ಸೇರಿಸುತ್ತೇನೆ. ದಿನಕ್ಕೆ 100 ಕಿಲೋಗಿಂತ ಜಾಸ್ತಿ ಕಸ ಹಾಕುವ ಸೊಸೈಟಿಗಳು ಹಸಿ ಕಸವನ್ನು ತಮ್ಮಲ್ಲೇ ಗೊಬ್ಬರ ಮಾಡಬೇಕು ಅಂತ ಪಾಲಿಕೆ 2017ರಿಂದ ಹಿಡಿದು ಕೂತಿದೆಯಲ್ಲ, ಅವರ ಸೊಸೈಟಿಯಲ್ಲೂ ಅದಕ್ಕೆ ತೊಟ್ಟಿ ಕಟ್ಟಿದ್ದಾರೆ. ಮೊದಲನೇ ಮಹಡಿಯವರ ಗಲಾಟೆ. ಏಳು ಅಡಿ ಪತ್ರಾ ಹಾಕಿ ಸುತ್ತ ಮುಚ್ಚೋಣ ಅಂತ ಕಮಿಟಿ ಹೇಳುತ್ತಿದೆ, ಏನು ಮಾಡಲಿ ಅಣ್ಣಾ ಅಂದರು.

ಪತ್ರಾ ಬೇಡ ಅಕ್ಕಾ. ಗೊಬ್ಬರದ ತೊಟ್ಟಿಗೆ ಗಾಳಿ ಬೇಕು. ಗಾಳಿ ಕಟ್ಟಿದರೆ ಒಳಗೆ ಕೊಳೆತು ನಾರುತ್ತದೆ, ಆಮೇಲೆ ಎರಡನೇ ಮಹಡಿಯವರೂ ಗಲಾಟೆಗೆ ಸೇರುತ್ತಾರೆ. ನಾಲ್ಕೂವರೆ ಅಡಿಯ ಬಿದಿರಿನ ಚಾಪೆ ಹಾಕಿಸಿ, ಸಂದಿ ಇರುವ ಹಾಗೆ. ಅದರ ಮುಂದೆ ಕೇಪಳ ಒತ್ತಾಗಿ ನೆಡಿ. ಕಣಗಿಲೆ ಬೇಡ, ಮಕ್ಕಳು ಓಡಾಡುವ ಜಾಗ. ಮೊದಲನೇ ಮಹಡಿಯವರಿಗೆ ಬೇಲಿ ಮೇಲಿಂದಲೂ ಕಾಣುತ್ತದೆ, ಅವರ ಬಾಲ್ಕನಿಗೆ ಒಂದು ಬಳ್ಳಿ ಹಬ್ಬಿಸಿಕೊಡಿ, ಪರದೆ ಕಣ್ಣಿನ ಹತ್ತಿರ ಇರಬೇಕು ಅಂದೆನಲ್ಲ. ದಿನಾ ಹಸಿ ಕಸದ ಮೇಲೆ ಒಣ ಎಲೆಯೋ ತೆಂಗಿನ ನಾರಿನ ಪುಡಿಯೋ ಹಾಕಿಸಿ, ಅದು ತಪ್ಪಬಾರದು. ಬೇಲಿಯ ಒಂದು ಬದಿ ಮಾತ್ರ ತೆರೆದೇ ಇರಲಿ. ಆ ಬದಿ ಸೆಕ್ರೆಟರಿ ಮನೆಯ ಕಿಟಕಿ ಕಡೆಗೆ ಇದ್ದರೆ ಇನ್ನೂ ಒಳ್ಳೆಯದು. ಎಲೆ ಹಾಕದೆ ಬಿಟ್ಟರೆ ಅದೇ ಸಂಜೆ ವಾಟ್ಸಾಪ್ ಗ್ರೂಪಿಗೆ ಫೋಟೋ ಬರುತ್ತದೆ.